ಕಸದ ಗುಡ್ಡದ ಅನಿಲ, ಮೈನಸ್ 162 ಡಿಗ್ರಿ: ಕಲಬುರಗಿಗೆ ಈ ಲೆಕ್ಕ ಹೊಂದುತ್ತದೆಯೇ?

ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಉಷ್ಣಾಂಶ 43–44 ಡಿಗ್ರಿ ಮುಟ್ಟುವುದು ಹೊಸ ಸುದ್ದಿಯಲ್ಲ. ಮಿಥೇನ್ ಅನಿಲ ದ್ರವವಾಗಬೇಕಾದರೆ ಅದನ್ನು ಮೈನಸ್ 162 ಡಿಗ್ರಿಯವರೆಗೆ ತಣಿಸಬೇಕು. ಊರ ಹೊರಗಿನ ಕಸದ ಗುಡ್ಡದಿಂದ ಏಳುವ ಅನಿಲವನ್ನು ಹಿಡಿದು, ಸಣ್ಣ ಸ್ಥಾವರದಲ್ಲಿ ದ್ರವ ಇಂಧನವಾಗಿಸಿ, ಲಾರಿ–ಬಸ್ಸುಗಳಿಗೆ ತುಂಬಬಹುದೆಂಬ ಮಾತು ಕೇಳಿದಾಗಲೆಲ್ಲ ಈ ಇನ್ನೂರಕ್ಕೂ ಮಿಕ್ಕ ಡಿಗ್ರಿಗಳ ಅಂತರವನ್ನು ಮೊದಲು ನೆನಪಿಗೆ ತಂದುಕೊಳ್ಳಬೇಕು. ಅಂತರ ದಾಟುವ ತಂತ್ರಜ್ಞಾನ ಇದೆ, ಹಳೆಯದೂ ಹೌದು. ಅದನ್ನು ಎಲ್ಲಿ, ಯಾವ ಅನಿಲಕ್ಕೆ, ಎಷ್ಟು ಪ್ರಮಾಣಕ್ಕೆ ಬಳಸುತ್ತೇವೆ ಎಂಬುದರ ಮೇಲೆ ಯೋಜನೆಯ ಹಣೆಬರಹ ನಿಂತಿದೆ.

ಕಸದ ಅನಿಲವನ್ನು ಗಾಳಿಗೆ ಬಿಡಬಾರದು ಎಂಬುದರಲ್ಲಿ ನನಗೆ ಯಾವ ಸಂಶಯವೂ ಇಲ್ಲ. ಮಿಥೇನ್ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು, ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ 80 ಪಟ್ಟಿಗೂ ಹೆಚ್ಚು ಬಿಸಿ ಹಿಡಿದಿಡುತ್ತದೆ. ಗಾಳಿಯಲ್ಲಿ ಅದರ ಆಯುಸ್ಸು ಹನ್ನೆರಡು ವರ್ಷದ ಆಸುಪಾಸು. ಅಂದರೆ ಇಂದು ತಡೆದ ಮಿಥೇನ್‌ನ ಫಲವನ್ನು ನಮ್ಮ ಕಾಲದಲ್ಲೇ ಕಾಣಬಹುದು. ಬೇಸಿಗೆಯ ಉರಿಗೆ ವರ್ಷವರ್ಷವೂ ಮೈಯೊಡ್ಡುವ ಕಲ್ಯಾಣ ಕರ್ನಾಟಕದ ಜನರಿಗೆ ಇದು ದೂರದ ಸಮ್ಮೇಳನಗಳಲ್ಲಿ ಚರ್ಚೆಯಾಗಿ ಮುಗಿಯುವ ವಿಷಯವಲ್ಲ. ಪ್ರಶ್ನೆ ಇರುವುದು, ಹಿಡಿದ ಅನಿಲವನ್ನು ಏನು ಮಾಡಬೇಕು ಎಂಬಲ್ಲಿ.

ಗುಡ್ಡದೊಳಗೆ ನಡೆಯುವುದೇನು

ಕಲಬುರಗಿ ಮಹಾನಗರದ ಕಸ ಹೋಗುವುದು ಉದನೂರಿನ ಕಡೆಗೆ. ಕಣ್ಣಿ ಮಾರುಕಟ್ಟೆಯ ಕೊಳೆತ ಸೊಪ್ಪು, ಖಾನಾವಳಿಗಳ ಮಿಕ್ಕಿದ ಅನ್ನ, ಮನೆಗಳ ತರಕಾರಿ ಸಿಪ್ಪೆ, ಜಾತ್ರೆ–ಉರುಸಿನ ಕಾಲದ ಹೂವಿನ ರಾಶಿ ಪ್ಲಾಸ್ಟಿಕ್‌ನೊಂದಿಗೆ ಬೆರೆತು ಒಂದರ ಮೇಲೊಂದು ಬಿದ್ದಾಗ ಕೆಳಗಿನ ಪದರಗಳಿಗೆ ಗಾಳಿ ಸಿಗುವುದಿಲ್ಲ. ಆಮ್ಲಜನಕ ಮುಗಿದ ಮೇಲೆ ಅಲ್ಲಿ ಬೇರೆಯೇ ಬಗೆಯ ಸೂಕ್ಷ್ಮಜೀವಿಗಳು ಕೆಲಸಕ್ಕೆ ತೊಡಗುತ್ತವೆ. ಮೊದಲು ಆಮ್ಲಗಳು, ಆಮೇಲೆ ಮಿಥೇನ್. ಹೀಗೆ ಹುಟ್ಟುವ ಅನಿಲದಲ್ಲಿ ಸರಿಸುಮಾರು ಅರ್ಧ ಮಿಥೇನ್, ಉಳಿದರ್ಧದ ಬಹುಪಾಲು ಇಂಗಾಲದ ಡೈಆಕ್ಸೈಡ್. ಜೊತೆಗೆ ತೇವಾಂಶ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್, ಇನ್ನೂ ಹತ್ತಾರು ಕಲ್ಮಶಗಳು.

ಇದು ಗೋಬರ್ ಗ್ಯಾಸ್‌ಗೆ ಹತ್ತಿರದ ಸಂಬಂಧಿ, ಆದರೆ ಅದರಷ್ಟು ಸಂಭಾವಿತವಲ್ಲ. ಸಗಣಿ ತುಂಬಿದ ಮುಚ್ಚಿದ ತೊಟ್ಟಿಯಲ್ಲಿ ಒಳಗೆ ಏನು ಹಾಕಿದೆವು ಎಂಬುದು ನಮಗೆ ಗೊತ್ತು. ಗಾಳಿ ಒಳಗೆ ಬರುವುದಿಲ್ಲ. ಕಸದ ಗುಡ್ಡಕ್ಕೆ ಮುಚ್ಚಳವೂ ಇಲ್ಲ, ಗೋಡೆಯೂ ಇಲ್ಲ. ಮಳೆಗಾಲದಲ್ಲಿ ಅದು ನೀರು ಕುಡಿದು ಚುರುಕಾಗಿ ಕೊಳೆಯುತ್ತದೆ; ಫೆಬ್ರುವರಿ ದಾಟಿದ ಮೇಲೆ ಒಣಗಿ ಅನಿಲದ ಹುಟ್ಟುವಳಿಯೇ ಕುಗ್ಗುತ್ತದೆ. ವರ್ಷದ ಮಳೆಯೆಲ್ಲ ಹೆಚ್ಚುಕಡಿಮೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ಐದು ತಿಂಗಳಲ್ಲೇ ಸುರಿದು ಮುಗಿಯುವ ನಮ್ಮ ಭಾಗದಲ್ಲಿ ಈ ಏರಿಳಿತ ತೀವ್ರವಾಗಿರುತ್ತದೆ. ಆದರೆ ಅನಿಲವನ್ನು ತಣಿಸುವ ಯಂತ್ರಕ್ಕೆ ಬೇಕಾಗಿರುವುದು ದಿನವೂ ಒಂದೇ ಸಮನಾಗಿ ಬರುವ ಅನಿಲ.

ಸಿಲಿಂಡರಿಗೆ ಏಕೆ ತುಂಬಲಾಗದು

ಸಾರ್ವಜನಿಕ ಸಭೆಗಳಲ್ಲಿ, ಪತ್ರಿಕೆಗಳ ಓದುಗರ ಪತ್ರಗಳಲ್ಲಿ ಪದೇ ಪದೇ ಬರುವ ಪ್ರಶ್ನೆ ಇದು: ಅಡುಗೆ ಅನಿಲವನ್ನು ಸಿಲಿಂಡರಿನಲ್ಲಿ ದ್ರವವಾಗಿ ಮನೆಮನೆಗೆ ಕೊಡುತ್ತಾರೆ, ಕಸದ ಅನಿಲವನ್ನೂ ಹಾಗೆಯೇ ಒತ್ತಿ ತುಂಬಿದರೆ ಆಗದೇ? ನ್ಯಾಯವಾದ ಪ್ರಶ್ನೆ. ಉತ್ತರ ಭೌತಶಾಸ್ತ್ರದಲ್ಲಿದೆ. ಎಲ್‌ಪಿಜಿ ಎಂದರೆ ಪ್ರೊಪೇನ್ ಮತ್ತು ಬ್ಯುಟೇನ್. ಅವು ಮನೆಯ ಉಷ್ಣಾಂಶದಲ್ಲೇ ಸಾಧಾರಣ ಒತ್ತಡಕ್ಕೆ ದ್ರವವಾಗುತ್ತವೆ. ಮಿಥೇನ್ ಹಾಗಲ್ಲ. ಮೈನಸ್ 82.6 ಡಿಗ್ರಿಗಿಂತ ಬೆಚ್ಚಗಿರುವ ಮಿಥೇನನ್ನು ಎಷ್ಟೇ ಒತ್ತಿದರೂ ಅದು ದ್ರವವಾಗುವುದಿಲ್ಲ, ಬರೀ ದಟ್ಟವಾಗುತ್ತದೆ. ಆಟೊಗಳಿಗೆ ತುಂಬುವ ಸಿಎನ್‌ಜಿ ಹೀಗೆ 200 ಬಾರ್‌ನಷ್ಟು ಒತ್ತಡದಲ್ಲಿ ದಟ್ಟವಾಗಿಸಿದ ಅನಿಲ. ಅದಕ್ಕಾಗಿಯೇ ಅದರ ಸಿಲಿಂಡರ್ ಅಷ್ಟು ದಪ್ಪ, ಅಷ್ಟು ಭಾರ.

ದ್ರವವಾಗಿಸುವುದರಿಂದ ಸಿಗುವ ಲಾಭ ದೊಡ್ಡದೇ. ಮಿಥೇನ್ ದ್ರವವಾದಾಗ ಅದರ ಗಾತ್ರ ಸುಮಾರು ಆರುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಂದು ಲೀಟರ್ ದ್ರವ ಮಿಥೇನ್‌ನಲ್ಲಿ ಸುಮಾರು 0.6 ಲೀಟರ್ ಡೀಸೆಲ್‌ನಷ್ಟು ಶಕ್ತಿ ಇದೆ. ಹುಮನಾಬಾದ್ ಮೂಲಕ ಹಾದುಹೋಗುವ ಪುಣೆ–ಹೈದರಾಬಾದ್ ಹೆದ್ದಾರಿಯ ಸರಕು ಲಾರಿಗಳಂಥ ದೂರ ಸಂಚಾರದ ವಾಹನಗಳಿಗೆ ಇದು ಹೊಂದುವ ಇಂಧನ. 2020ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ದೇಶದ ಪ್ರಮುಖ ಹೆದ್ದಾರಿಗಳ ಉದ್ದಕ್ಕೂ ಮೊದಲ 50 ಎಲ್‌ಎನ್‌ಜಿ (ದ್ರವವಾಗಿಸಿದ ನೈಸರ್ಗಿಕ ಅನಿಲ, ಬಹುಪಾಲು ಮಿಥೇನ್) ಬಂಕ್‌ಗಳಿಗೆ ಅಡಿಗಲ್ಲು ಹಾಕಿದ್ದು ಇದೇ ಕಾರಣಕ್ಕೆ. ಊರೊಳಗೇ ಓಡಾಡಿ ರಾತ್ರಿ ಡಿಪೊಗೆ ಮರಳುವ ಬಸ್ಸಿಗೆ, ಕಸ ಸಾಗಿಸುವ ಟಿಪ್ಪರಿಗೆ ದ್ರವ ಇಂಧನದ ಅಗತ್ಯವೇ ಇಲ್ಲ. ಒತ್ತಿ ತುಂಬಿದ ಅನಿಲವೇ ಧಾರಾಳವಾಗಿ ಸಾಕು.

ಬಿರುಕು ಬಿಡುವ ಮಣ್ಣು, ಬೇಡದ ನೈಟ್ರೋಜನ್

ಈಗ ಅನಿಲ ಹಿಡಿಯುವ ಕೆಲಸಕ್ಕೆ ಬರೋಣ. ಕಸದ ಗುಡ್ಡದ ಅನಿಲ ಯೋಜನೆಗಳ ಅಳಿವು–ಉಳಿವು ತೀರ್ಮಾನವಾಗುವುದು ಇಲ್ಲಿ. ತಣಿಸುವ ಯಂತ್ರದ ಬಗ್ಗೆ ಆಡುವ ಮಾತಿನ ಕಾಲುಭಾಗವನ್ನೂ ನಾವು ಇದರ ಬಗ್ಗೆ ಆಡುವುದಿಲ್ಲ.

ಗುಡ್ಡದಲ್ಲಿ ಕೊಳವೆಬಾವಿಯ ಹಾಗೆ ಅಗಲವಾದ ರಂಧ್ರ ಕೊರೆದು, ಅದರೊಳಗೆ ಮೈತುಂಬ ತೂತುಗಳಿರುವ ಪ್ಲಾಸ್ಟಿಕ್ ಪೈಪು ಇಳಿಸಿ, ಸುತ್ತ ಜಲ್ಲಿ ತುಂಬುತ್ತಾರೆ. ಮೇಲ್ಭಾಗವನ್ನು ಜೇಡಿಯಿಂದ ಬಿಗಿಯಾಗಿ ಮುಚ್ಚುತ್ತಾರೆ. ಇಂಥ ಹಲವು ಬಾವಿಗಳ ತಲೆಯಿಂದ ಹೊರಟ ಪೈಪುಗಳೆಲ್ಲ ಒಂದು ಬ್ಲೋವರ್‌ಗೆ ಸೇರುತ್ತವೆ. ಬ್ಲೋವರ್ ಮೆಲ್ಲನೆ ಹೀರುತ್ತದೆ. ಪ್ರತಿ ಬಾವಿಯ ತಲೆಯಲ್ಲಿ ಒಂದು ವಾಲ್ವ್, ಅನಿಲದ ಮಾದರಿ ತೆಗೆಯಲು ಒಂದು ಸಣ್ಣ ನಳಿಕೆ. ನಿರ್ವಾಹಕ ಬಾವಿಯಿಂದ ಬಾವಿಗೆ ನಡೆದು, ಮೀಟರಿನಲ್ಲಿ ಮಿಥೇನ್ ಎಷ್ಟು, ಆಮ್ಲಜನಕ ಎಷ್ಟು ಎಂದು ನೋಡಿ, ವಾಲ್ವನ್ನು ಅಷ್ಟಿಷ್ಟು ತಿರುಗಿಸುತ್ತಾ ಹೋಗಬೇಕು. ಕಡಿಮೆ ಹೀರಿದರೆ ಅನಿಲ ಬೇರೆ ದಾರಿಯಿಂದ ಸೋರಿಹೋಗುತ್ತದೆ. ಹೆಚ್ಚು ಹೀರಿದರೆ ಮೇಲಿನಿಂದ ಗಾಳಿ ನುಗ್ಗುತ್ತದೆ. ಗಾಳಿ ನುಗ್ಗಿದರೆ ಒಳಗಿನ ಮಿಥೇನ್ ಹುಟ್ಟಿಸುವ ಜೀವಿಗಳು ಸಾಯುತ್ತವೆ, ಗುಡ್ಡ ಒಳಗೊಳಗೇ ಕಾವೇರುತ್ತದೆ, ಕೆಲವೊಮ್ಮೆ ಹೊತ್ತಿಕೊಳ್ಳುತ್ತದೆ. 2023ರ ಮಾರ್ಚ್‌ನಲ್ಲಿ ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿಗೆ ಬಿದ್ದ ಬೆಂಕಿ ಆರಲು ಹತ್ತು ದಿನಗಳಿಗೂ ಹೆಚ್ಚು ಬೇಕಾಯಿತು. ಇಡೀ ನಗರ ಹೊಗೆಯಲ್ಲಿ ಮುಳುಗಿತ್ತು. ಕಸದ ರಾಶಿಯೊಳಗಿನ ಬೆಂಕಿ ಮೇಲಿಂದ ನೀರು ಹೊಯ್ದರೆ ಆರುವಂಥದ್ದಲ್ಲ.

ಗಾಳಿ ಒಳಬರದಂತೆ ಗುಡ್ಡವನ್ನು ಮುಚ್ಚಬೇಕು. ನಮ್ಮಲ್ಲಿ ಸುಲಭವಾಗಿ, ಅಗ್ಗವಾಗಿ ಸಿಗುವುದು ಎರೆಮಣ್ಣು. ತೊಗರಿಗೆ ಹೇಳಿ ಮಾಡಿಸಿದ ಈ ಮಣ್ಣು ಹಸಿಯಾಗಿದ್ದಾಗ ನೀರನ್ನೂ ಅನಿಲವನ್ನೂ ಚೆನ್ನಾಗಿ ತಡೆಯುತ್ತದೆ. ಬೇಸಿಗೆಯಲ್ಲಿ ಅದು ಏನಾಗುತ್ತದೆಂದು ಈ ಭಾಗದ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ: ಕೈ ಇಳಿಯುವಷ್ಟು ಅಗಲಕ್ಕೆ, ಮೊಳಗಟ್ಟಲೆ ಆಳಕ್ಕೆ ಸೀಳುತ್ತದೆ. ಹೊಲದಲ್ಲಿ ಆ ಬಿರುಕು ಮುಂದಿನ ಮಳೆಗೆ ಮುಚ್ಚಿಕೊಳ್ಳುತ್ತದೆ, ಬೆಳೆಗೆ ಅದರಿಂದ ಕೇಡಿಲ್ಲ. ಹೀರುವ ಬಾವಿಗಳಿರುವ ಕಸದ ಗುಡ್ಡದ ಮೇಲೆ ಅದೇ ಬಿರುಕು ಗಾಳಿಗೆ ತೆರೆದ ಬಾಗಿಲು. ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್‌ನ ದಪ್ಪ ಹಾಳೆಯ ಹೊದಿಕೆ ಹಾಸಿ, ಅದರ ಮೇಲೆ ಮಣ್ಣು ಹರಡಿದರೆ ಈ ತೊಂದರೆ ನೀಗುತ್ತದೆ. ಆದರೆ ಅದು ಎಕರೆಗಟ್ಟಲೆ ಜಾಗಕ್ಕೆ ಮಾಡಬೇಕಾದ ಖರ್ಚು, ಇನ್ನು ಮುಂದೆ ಅಲ್ಲಿ ಕಸ ಸುರಿಯುವುದಿಲ್ಲ ಎಂದು ತೀರ್ಮಾನಿಸಿದ ಮೇಲೆ ಮಾತ್ರ ಮಾಡಬಹುದಾದ ಕೆಲಸ.

ಗಾಳಿ ಬಂದರೆ ದ್ರವ ಇಂಧನದ ಕನಸಿಗೆ ಬೀಳುವ ಪೆಟ್ಟು ಬೆಂಕಿಯದ್ದಷ್ಟೇ ಅಲ್ಲ. ಗಾಳಿಯ ಐದನೇ ನಾಲ್ಕು ಪಾಲು ನೈಟ್ರೋಜನ್. ಇಂಗಾಲದ ಡೈಆಕ್ಸೈಡನ್ನು ಮಿಥೇನ್‌ನಿಂದ ಬೇರ್ಪಡಿಸುವುದು ಇವತ್ತು ಕಷ್ಟದ ಕೆಲಸವಲ್ಲ. ನೀರಿನಲ್ಲಿ ತೊಳೆಯಬಹುದು, ಪೊರೆಗಳ ಮೂಲಕ ಸೋಸಬಹುದು, ಇದ್ದಿಲಿನಂಥ ಹೀರುವಸ್ತುವಿನ ಮೇಲೆ ಹಿಡಿಯಬಹುದು. ನೈಟ್ರೋಜನ್ ಹಾಗಲ್ಲ. ಅದರ ಅಣು ಗಾತ್ರದಲ್ಲೂ ಗುಣದಲ್ಲೂ ಮಿಥೇನ್‌ಗೆ ಹತ್ತಿರ. ಮೈನಸ್ 162ರಲ್ಲಿ ಮಿಥೇನ್ ದ್ರವವಾದರೂ ನೈಟ್ರೋಜನ್ ಮೈನಸ್ 196ರವರೆಗೆ ಅನಿಲವಾಗಿಯೇ ಇರುತ್ತದೆ. ಅದನ್ನು ಹೊರಹಾಕಲು ಅತಿಶೀತದಲ್ಲೇ ಬಟ್ಟಿ ಇಳಿಸುವ ಗೋಪುರ ಬೇಕು, ಇಲ್ಲವೇ ಅದರ ಜೊತೆಗೆ ಒಂದಷ್ಟು ಮಿಥೇನನ್ನೂ ಕೈಬಿಡಬೇಕು. ದೊಡ್ಡ ಸ್ಥಾವರಕ್ಕೆ ಈ ಹೆಚ್ಚುವರಿ ಗೋಪುರ ಹೊರೆಯಾಗದು. ಸಣ್ಣ ಸ್ಥಾವರಕ್ಕೆ ಅದೇ ಬೆನ್ನುಮೂಳೆ ಮುರಿಯುವ ಖರ್ಚು. ಹಾಗಾಗಿ ಮೇಲಿನ ಮಣ್ಣಿನ ಹೊದಿಕೆ ಹೇಗಿದೆ ಎಂಬ ಸಾಮಾನ್ಯ ಸಂಗತಿಯೇ, ಇನ್ನೂರು ಮೀಟರ್ ಆಚೆ ನಿಂತ ದುಬಾರಿ ಯಂತ್ರ ಲಾಭ ತರುತ್ತದೋ ನಷ್ಟ ತರುತ್ತದೋ ಎಂಬುದನ್ನು ನಿರ್ಧರಿಸುತ್ತದೆ.

ಶುದ್ಧಿ, ಮತ್ತೂ ಶುದ್ಧಿ

ಎಂಜಿನ್‌ಗೆ ನೇರವಾಗಿ ಉಣಿಸುವುದಾದರೆ ಅನಿಲ ಅಷ್ಟಿಷ್ಟು ಕೊಳಕಾಗಿದ್ದರೂ ನಡೆಯುತ್ತದೆ. ವಾಹನಕ್ಕೆ ಒತ್ತಿ ತುಂಬುವ ಜೈವಿಕ ಅನಿಲಕ್ಕೆ ಭಾರತೀಯ ಮಾನಕ ಐಎಸ್ 16087 ಕನಿಷ್ಠ 90 ಶೇಕಡಾ ಮಿಥೇನ್ ಕೇಳುತ್ತದೆ, ನಾಲ್ಕು ಶೇಕಡಾದವರೆಗೆ ಇಂಗಾಲದ ಡೈಆಕ್ಸೈಡ್ ಇದ್ದರೂ ಒಪ್ಪುತ್ತದೆ. ದ್ರವವಾಗಿಸುವಾಗ ಈ ರಿಯಾಯಿತಿ ಇಲ್ಲ. ಡೈಆಕ್ಸೈಡ್ ಮೈನಸ್ 78ರ ಆಸುಪಾಸಿನಲ್ಲೇ ಮಂಜುಗಟ್ಟುತ್ತದೆ. ಮೈನಸ್ 162ಕ್ಕೆ ಹೋಗುವ ದಾರಿಯಲ್ಲಿ ಅದು ಗಟ್ಟಿಯಾಗಿ ಸಣ್ಣ ನಾಳಗಳನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಅದನ್ನು ಹತ್ತು ಲಕ್ಷದಲ್ಲಿ ಐವತ್ತು ಪಾಲಿನ ಆಸುಪಾಸಿಗೆ, ನೀರಿನ ಅಂಶವನ್ನು ಹತ್ತು ಲಕ್ಷದಲ್ಲಿ ಒಂದು ಪಾಲಿನ ಮಟ್ಟಕ್ಕೆ ಇಳಿಸಬೇಕು.

ಶಾಂಪೂ, ಕೂದಲ ಕ್ರೀಮು, ಮುಖಕ್ಕೆ ಹಚ್ಚುವ ಪ್ರಸಾಧನಗಳ ಡಬ್ಬಿ–ಪೊಟ್ಟಣಗಳಲ್ಲಿ ಉಳಿದ ಸಿಲಿಕಾನ್ ಸಂಯುಕ್ತಗಳು ಸಿಲೋಕ್ಸೇನ್ ಆಗಿ ಅನಿಲದಲ್ಲಿ ಬೆರೆಯುತ್ತವೆ. ಉರಿದಾಗ ಅವು ನುಣ್ಣನೆಯ ಮರಳಾಗಿ ಎಂಜಿನ್ನಿನ ಒಳಮೈಗೆ ಮೆತ್ತಿಕೊಂಡು ಉಜ್ಜುತ್ತವೆ. ಗೋಬರ್ ಗ್ಯಾಸ್‌ನಲ್ಲಿ ಈ ಕಾಟ ಇಲ್ಲ. ಊರ ಕಸದ ಅನಿಲದಲ್ಲಿ ತಪ್ಪಿದ್ದಲ್ಲ. ಅದಕ್ಕೂ ಸಕ್ರಿಯ ಇದ್ದಿಲಿನ ಸೋಸುಕ ಬೇಕು, ಅದನ್ನು ಕಾಲಕಾಲಕ್ಕೆ ಬದಲಾಯಿಸುತ್ತಿರಬೇಕು.

ತಣಿಸುವ ಯಂತ್ರಗಳಲ್ಲಿ ಹಲವು ಬಗೆ ಇವೆ. ನೈಟ್ರೋಜನ್ನನ್ನು ಒತ್ತಿ ಹಿಗ್ಗಿಸಿ ತಂಪು ಮಾಡುವವು, ಮಿಶ್ರ ಶೀತಕ ಬಳಸುವವು, ಕೋಣೆಯೊಂದರಲ್ಲಿ ಹಿಡಿಯುವಂಥ ಸ್ಟರ್ಲಿಂಗ್ ಚಕ್ರದವು. ಯಾವುದಾದರೂ ಕೊನೆಯಲ್ಲಿ ಒಳಗಿನ ಬಿಸಿಯನ್ನು ಹೊರಗಿನ ಗಾಳಿಗೋ ನೀರಿಗೋ ಸುರಿಯಲೇಬೇಕು. ಹೊರಗೆ 44 ಡಿಗ್ರಿ ಇದ್ದಾಗ ಆ ಕೆಲಸಕ್ಕೆ ಹೆಚ್ಚು ವಿದ್ಯುತ್ ಬೇಕು. ವಿದ್ಯುತ್ ಹೋಗಿ ಯಂತ್ರ ಬೆಚ್ಚಗಾದರೆ ಮತ್ತೆ ತಣಿದು ಕೆಲಸಕ್ಕೆ ಬರಲು ಗಂಟೆಗಳು ಹಿಡಿಯುತ್ತವೆ. ದ್ರವವನ್ನು ಇಡುವ ಟ್ಯಾಂಕು ಎರಡು ಗೋಡೆಗಳ ನಡುವೆ ನಿರ್ವಾತವಿರುವ, ಥರ್ಮಾಸ್ ಫ್ಲಾಸ್ಕಿನಂಥ ರಚನೆ. ಎಷ್ಟೇ ಚೆನ್ನಾಗಿ ಕಟ್ಟಿದರೂ ಒಳಗೆ ಬಿಸಿ ಇಳಿಯುತ್ತಲೇ ಇರುತ್ತದೆ, ದ್ರವ ಸ್ವಲ್ಪ ಸ್ವಲ್ಪವಾಗಿ ಆವಿಯಾಗುತ್ತಲೇ ಇರುತ್ತದೆ. ಟ್ಯಾಂಕು ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಮೈ ಹೆಚ್ಚು, ನಷ್ಟದ ಪಾಲೂ ಹೆಚ್ಚು. ಕೊಳ್ಳುವ ಲಾರಿ ನಾಲ್ಕು ದಿನ ಬಾರದಿದ್ದರೆ ಆವಿಯಾದದ್ದನ್ನು ಎಂಜಿನ್ನಿಗೆ ಉಣಿಸಬೇಕು, ಇಲ್ಲವೇ ಸುಡಬೇಕು. ಗಾಳಿಗೆ ಬಿಟ್ಟರೆ ಯಾವ ಮಿಥೇನನ್ನು ತಡೆಯಲು ಇಷ್ಟೆಲ್ಲ ಮಾಡಿದೆವೋ ಅದನ್ನೇ ಮತ್ತೆ ಬಿಟ್ಟಂತಾಯಿತು.

ಅಮೆರಿಕ, ಇಂಗ್ಲೆಂಡ್ ಮಾಡಿದ್ದೇನು

ಇದು ಕಾಗದದ ಮೇಲಿನ ಕಲ್ಪನೆಯಲ್ಲ. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯ ಬೋವರ್‌ಮನ್ ಕಸದ ತಾಣದಲ್ಲಿ 2007ರಲ್ಲಿ ದಿನಕ್ಕೆ 5,000 ಗ್ಯಾಲನ್ ಸಾಮರ್ಥ್ಯದ ಸಣ್ಣ ದ್ರವೀಕರಣ ಸ್ಥಾವರ ಶುರುವಾಯಿತು. 2008ರಲ್ಲಿ ಇಂಗ್ಲೆಂಡಿನ ಸರ್‍ರೇ ಪ್ರಾಂತ್ಯದ ಆಲ್ಬರಿಯಲ್ಲಿ ಕಸದ ಅನಿಲದಿಂದ ದ್ರವ ಮಿಥೇನ್ ತಯಾರಿಸುವ ಘಟಕ ಬಂತು. 2009ರಲ್ಲಿ ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಬಳಿಯ ಆಲ್ಟಮಾಂಟ್‌ನಲ್ಲಿ ಲಿಂಡೆ ಮತ್ತು ವೇಸ್ಟ್ ಮ್ಯಾನೇಜ್‌ಮೆಂಟ್ ಕಂಪನಿಗಳು ಸೇರಿ 1.55 ಕೋಟಿ ಡಾಲರ್ ವೆಚ್ಚದಲ್ಲಿ ದಿನಕ್ಕೆ 13,000 ಗ್ಯಾಲನ್, ಅಂದರೆ ಸುಮಾರು 49,000 ಲೀಟರ್ ದ್ರವ ಇಂಧನ ತಯಾರಿಸುವ ಸ್ಥಾವರ ಕಟ್ಟಿದವು. ಕಸ ಸಾಗಿಸುವ ಲಾರಿಗಳೇ ಅದೇ ಕಸದಿಂದ ಬಂದ ಇಂಧನದಲ್ಲಿ ಓಡಿದವು.

ಈ ಉದಾಹರಣೆಗಳನ್ನು ತೋರಿಸುವವರು ಎರಡು ಸಂಗತಿಗಳನ್ನು ಜೊತೆಗೇ ಹೇಳಬೇಕು. ಆ ತಾಣಗಳು ಕಸವನ್ನು ಮುಚ್ಚಿ, ಅನಿಲ ಹಿಡಿಯುವ ವ್ಯವಸ್ಥೆ ಮಾಡಿಕೊಂಡಂಥವು; ಕ್ಯಾಲಿಫೋರ್ನಿಯಾದ ಎರಡಂತೂ ದೈತ್ಯ ತಾಣಗಳು. ಇನ್ನು ಬೋವರ್‌ಮನ್‌ನ ಅನಿಲ 2016ರಿಂದ ಸುಮಾರು 20 ಮೆಗಾವ್ಯಾಟ್‌ನ ವಿದ್ಯುತ್ ಸ್ಥಾವರಕ್ಕೆ ಹೋಗುತ್ತಿದೆ. ಅಷ್ಟು ಅನಿಲ, ಅಷ್ಟು ಬಂಡವಾಳ ಇದ್ದಲ್ಲಿಯೇ ಕೊನೆಗೆ ಗೆದ್ದದ್ದು ವಿದ್ಯುತ್.

ನಮ್ಮ ಊರಿನ ಲೆಕ್ಕ

2011ರ ಜನಗಣತಿಯಲ್ಲಿ ಕಲಬುರಗಿ ಮಹಾನಗರದ ಜನಸಂಖ್ಯೆ 5.33 ಲಕ್ಷ. ತಲೆಗೆ ದಿನಕ್ಕೆ 400 ಗ್ರಾಂ ಕಸ ಎಂದು ಹಿಡಿದರೂ ದಿನಕ್ಕೆ 200 ಟನ್ ದಾಟುತ್ತದೆ. ಅದರಲ್ಲಿ ಅರ್ಧ ಹಸಿ ಕಸ.

ಲೆಕ್ಕಕ್ಕಾಗಿ ಐದು ಲಕ್ಷ ಟನ್ ಹಳೆಯ ಕಸವಿರುವ ಒಂದು ಗುಡ್ಡವನ್ನು ಕಲ್ಪಿಸಿಕೊಳ್ಳೋಣ. ನಮ್ಮ ಗಾತ್ರದ ಊರಿಗೆ ಇದು ಉದಾರವಾದ ಅಂದಾಜೂ ಅಲ್ಲ, ಜಿಪುಣತನದ್ದೂ ಅಲ್ಲ. ಟನ್ನಿಗೆ ಇನ್ನೂ 40 ಘನ ಮೀಟರ್ ಮಿಥೇನ್ ಹುಟ್ಟುವ ಶಕ್ತಿ ಉಳಿದಿದೆ, ವರ್ಷಕ್ಕೆ ಅದರ ಏಳು ಶೇಕಡಾ ಹೊರಬರುತ್ತದೆ ಎಂದುಕೊಂಡರೆ ದಿನಕ್ಕೆ 3,800 ಘನ ಮೀಟರ್ ಮಿಥೇನ್. ಸರಿಯಾದ ಹೊದಿಕೆ ಇಲ್ಲದ ಗುಡ್ಡದಿಂದ ಅದರ 40 ಶೇಕಡಾ ಕೈಗೆ ಸಿಕ್ಕರೆ ಪುಣ್ಯ. ಶುದ್ಧೀಕರಣದ ನಷ್ಟ ಕಳೆದು ಉಳಿಯುವುದು ದಿನಕ್ಕೆ 900 ಕಿಲೋದ ಆಸುಪಾಸು, ದ್ರವದ ಲೆಕ್ಕದಲ್ಲಿ ಸುಮಾರು 2,100 ಲೀಟರ್. ದೂರ ಸಂಚಾರದ ನಾಲ್ಕೈದು ಲಾರಿಗಳ ಟ್ಯಾಂಕು ತುಂಬಬಹುದು. ಅನಿಲವನ್ನು ಶುದ್ಧ ಮಾಡಿ ತಣಿಸಲು ದಿನಕ್ಕೆ 1,500 ಯೂನಿಟ್‌ಗೂ ಹೆಚ್ಚು ವಿದ್ಯುತ್ ಬೇಕು. ಅದೇ ಅನಿಲವನ್ನು ಮೇಲುಮೇಲಿನ ಶುದ್ಧೀಕರಣ ಮಾಡಿ ನೇರವಾಗಿ ಎಂಜಿನ್ನಿಗೆ ಕೊಟ್ಟರೆ ದಿನಕ್ಕೆ 5,000 ಯೂನಿಟ್ ಹುಟ್ಟುತ್ತದೆ. ಕಸ ಸಂಸ್ಕರಣಾ ಘಟಕದ ಜರಡಿಗಳು, ಸಾಗಣೆಪಟ್ಟಿಗಳು, ಬೀದಿದೀಪಗಳ ಒಂದು ಭಾಗ ಅದರಲ್ಲೇ ನಡೆಯುತ್ತದೆ.

ಇನ್ನು ಬಂಡವಾಳ. ರಾಸಾಯನಿಕ ಸ್ಥಾವರಗಳನ್ನು ಕಟ್ಟುವ ಎಂಜಿನಿಯರುಗಳು ಬಳಸುವ ಹಳೆಯ ಅಂದಾಜೊಂದಿದೆ: ಸಾಮರ್ಥ್ಯ ಇಳಿದಷ್ಟು ವೆಚ್ಚ ಇಳಿಯುವುದಿಲ್ಲ, ಸಾಮರ್ಥ್ಯದ 0.6ನೇ ಘಾತದಂತೆ ಮಾತ್ರ ಇಳಿಯುತ್ತದೆ. ನಮ್ಮ 2,100 ಲೀಟರಿನ ಸ್ಥಾವರ ಆಲ್ಟಮಾಂಟ್‌ನ ಇಪ್ಪತ್ತಮೂರನೇ ಒಂದು ಪಾಲು. ಈ ಅಂದಾಜಿನಂತೆ ಅದರ ವೆಚ್ಚ ಆಲ್ಟಮಾಂಟ್‌ನ ಏಳನೇ ಒಂದು ಪಾಲಿಗಷ್ಟೇ ಇಳಿಯುತ್ತದೆ. ಅಂದರೆ ಪ್ರತಿ ಲೀಟರ್ ಸಾಮರ್ಥ್ಯಕ್ಕೆ ನಾವು ತೆರಬೇಕಾದ್ದು ಮೂರು ಪಟ್ಟಿಗೂ ಹೆಚ್ಚು. ಅದರ ಮೇಲೆ ನೈಟ್ರೋಜನ್ ಬೇರ್ಪಡಿಸುವ ಗೋಪುರ, ಸ್ಫೋಟಕ ಸುರಕ್ಷತಾ ಸಂಸ್ಥೆಯ ಪರವಾನಗಿ ಪಡೆಯಲು ಬೇಕಾದ ಅಂತರ–ವ್ಯವಸ್ಥೆಗಳು, ಅತಿಶೀತ ಟ್ಯಾಂಕು ನೋಡಿಕೊಳ್ಳಬಲ್ಲ ತರಬೇತಾದ ಸಿಬ್ಬಂದಿ. ಇಷ್ಟೆಲ್ಲ ಖರ್ಚಿನ ಎದುರಿಗೆ ವರ್ಷವರ್ಷವೂ ಕುಗ್ಗುತ್ತಾ ಹೋಗುವ ಅನಿಲ. ಗುಡ್ಡಕ್ಕೆ ಹೊಸ ಕಸ ಬೀಳದಿದ್ದರೆ ಹತ್ತು ವರ್ಷಗಳಲ್ಲಿ ಅನಿಲ ಅರ್ಧಕ್ಕೆ ಇಳಿಯುತ್ತದೆ.

ಹೊಸ ಕಸ ಬೀಳುತ್ತಲೇ ಇರಲಿ ಎಂದರೆ? ಈ ಯೋಜನೆಯ ಅತ್ಯಂತ ಅಪಾಯದ ಮೂಲೆ ಇದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಭೂಮಿಗೆ ತುಂಬಬೇಕಾದ್ದು ಬೇರೆ ಯಾವುದಕ್ಕೂ ಬಾರದ, ಕೊಳೆಯದ, ಸುಡಲಾಗದ ಉಳಿಕೆ ಮಾತ್ರ ಎಂದವು. ಹಸಿ ಕಸ ಅಲ್ಲಿಗೆ ಹೋಗಲೇಬಾರದು. ಕಸದ ಗುಡ್ಡದ ಅನಿಲವನ್ನು ನಂಬಿ ಕೋಟಿಗಟ್ಟಲೆ ಸುರಿದ ಸ್ಥಾವರಕ್ಕೆ ಹಸಿ ಕಸ ಅಲ್ಲಿಗೆ ಹೋಗುತ್ತಲೇ ಇರಬೇಕು. ಇಪ್ಪತ್ತು ವರ್ಷದ ಒಪ್ಪಂದಕ್ಕೆ ಸಹಿ ಬಿದ್ದರೆ, ಮನೆಯಲ್ಲಿ ಕಸ ಬೇರ್ಪಡಿಸಿ ಎಂದು ಪೌರಕಾರ್ಮಿಕರು ಬಾಗಿಲಲ್ಲಿ ನಿಂತು ಹೇಳುವ ಮಾತಿಗೂ ಪಾಲಿಕೆಯ ಹಣಕಾಸಿಗೂ ಜಗಳ ಶುರುವಾಗುತ್ತದೆ.

ಇನ್ನೊಂದು ವಿರೋಧವೂ ಇದೆ. 2021ರ ಅಕ್ಟೋಬರ್‌ನಲ್ಲಿ ಆರಂಭವಾದ ಸ್ವಚ್ಛ ಭಾರತ್ ಮಿಷನ್ ನಗರ 2.0 ಹಳೆಯ ಕಸದ ಗುಡ್ಡಗಳನ್ನು ಬಯೋಮೈನಿಂಗ್ ಮಾಡಿ ತೆರವುಗೊಳಿಸಲು ಹಣ ಕೊಡುತ್ತದೆ. ಬಯೋಮೈನಿಂಗ್ ಎಂದರೆ ಗುಡ್ಡವನ್ನು ಅಗೆದು, ಗಾಳಿಯಾಡಿಸಿ, ಜರಡಿ ಹಿಡಿದು, ಮಣ್ಣಿನಂಥದ್ದನ್ನು, ಕಲ್ಲನ್ನು, ಪ್ಲಾಸ್ಟಿಕ್ಕನ್ನು ಬೇರೆ ಬೇರೆ ಮಾಡುವುದು. ಸುಡಬಹುದಾದ ಉಳಿಕೆಯನ್ನು ಸಿಮೆಂಟ್ ಗೂಡುಗಳಿಗೆ ಕಳಿಸಬಹುದು. ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳಿರುವ ಈ ಜಿಲ್ಲೆಗೆ ಸಾಗಣೆಯ ದೂರವೂ ಕಡಿಮೆ. ಆದರೆ ಅನಿಲ ತೆಗೆಯಲು ಗುಡ್ಡವನ್ನು ಗಾಳಿ ಸೋಕದಂತೆ ಮುಚ್ಚಬೇಕು, ಬಯೋಮೈನಿಂಗ್‌ಗೆ ಬಿಚ್ಚಿ ಗಾಳಿಗೆ ಹರಡಬೇಕು. ಒಂದೇ ರಾಶಿಗೆ ಎರಡನ್ನೂ ಮಾಡಲು ಬರುವುದಿಲ್ಲ. ಜಾಗ ಖಾಲಿಯಾಗುತ್ತದೆ, ಬೆಂಕಿಯ ಭಯ ಹೋಗುತ್ತದೆ, ಅಂತರ್ಜಲಕ್ಕೆ ಇಳಿಯುವ ಕಪ್ಪು ನೀರು ನಿಲ್ಲುತ್ತದೆ ಎಂಬ ಕಾರಣಗಳಿಗಾಗಿ ನಾನು ಬಯೋಮೈನಿಂಗ್ ಪರ. ಗುಡ್ಡದ ಪಕ್ಕದ ಹಳ್ಳಿಯವರಿಗೆ ಬೇಕಾಗಿರುವುದೂ ಅದೇ.

ದ್ರವ ಇಂಧನ ಬೇಕಿದ್ದರೆ ಎಲ್ಲಿಂದ

ದಿನದ 100 ಟನ್ ಹಸಿ ಕಸ ಗುಡ್ಡಕ್ಕೆ ಹೋಗುವ ಬದಲು ಮುಚ್ಚಿದ ಡೈಜೆಸ್ಟರ್‌ಗೆ, ಅಂದರೆ ಗೋಬರ್ ಗ್ಯಾಸ್ ತೊಟ್ಟಿಯ ದೊಡ್ಡ ರೂಪಕ್ಕೆ, ಹೋದರೆ ಲೆಕ್ಕವೇ ಬದಲಾಗುತ್ತದೆ. 2022ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಇಂದೋರ್‌ನ ಸ್ಥಾವರವನ್ನು ದಿನಕ್ಕೆ 550 ಟನ್ ಹಸಿ ಕಸದಿಂದ ಸುಮಾರು 17,000 ಕಿಲೋ ವಾಹನ ಅನಿಲ ತಯಾರಿಸುವಂತೆ ಕಟ್ಟಲಾಗಿದೆ. ಅದೇ ಪ್ರಮಾಣದಲ್ಲಿ ನಮ್ಮ 100 ಟನ್ನಿಗೆ 3,000 ಕಿಲೋ. ಗುಡ್ಡದಿಂದ ಹಿಂಡಿ ತೆಗೆಯುವುದರ ಮೂರು ಪಟ್ಟಿಗೂ ಹೆಚ್ಚು. ನೈಟ್ರೋಜನ್ ಇಲ್ಲ, ಋತುವಿನ ಏರಿಳಿತ ಕಡಿಮೆ. ಇಂದೋರ್‌ಗೆ ಇದು ಸಾಧ್ಯವಾದದ್ದು ಯಂತ್ರದಿಂದಲ್ಲ. ಮನೆಮನೆಯಲ್ಲೂ ಕಸ ಬೇರ್ಪಡಿಸಿ ಕೊಡುವ ರೂಢಿ ಅಲ್ಲಿ ಅದಕ್ಕೂ ಮೊದಲೇ ಬೇರೂರಿತ್ತು. ಹಸಿ ಕಸದಲ್ಲಿ ಗುಟ್ಕಾ ಪೊಟ್ಟಣ, ಡೈಪರ್, ಒಡೆದ ಗಾಜು ಬೆರೆತು ಬಂದರೆ ಡೈಜೆಸ್ಟರ್ ಕೆಲವೇ ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ. ಕಲಬುರಗಿಯಲ್ಲಿ ಮೊದಲ ಹಣ ಹೋಗಬೇಕಾದ್ದು ಈ ಬೇರ್ಪಡಿಸುವಿಕೆಗೆ, ಅದನ್ನು ನಡೆಸುವ ಪೌರಕಾರ್ಮಿಕರ ಸಂಬಳ, ಕೈಗವಸು, ವಾಹನಗಳಿಗೆ.

ಹೀಗೆ ಬಂದ ಅನಿಲವನ್ನು ಒತ್ತಿ ತುಂಬುವುದು ಸಾಕು. 2018ರಲ್ಲಿ ಶುರುವಾದ ಕೇಂದ್ರದ ಸತತ್ ಯೋಜನೆ ತೈಲ ಕಂಪನಿಗಳು ಇಂಥ ಅನಿಲ ಕೊಳ್ಳುವ ವ್ಯವಸ್ಥೆ ಮಾಡಿದೆ. ನಗರ ಅನಿಲ ವಿತರಕರು ತಮ್ಮ ಸಿಎನ್‌ಜಿ ಮತ್ತು ಮನೆಬಳಕೆಯ ಅನಿಲದಲ್ಲಿ 2025–26ರಲ್ಲಿ ಒಂದು ಶೇಕಡಾದಿಂದ ತೊಡಗಿ 2028–29ಕ್ಕೆ ಐದು ಶೇಕಡಾದಷ್ಟು ಜೈವಿಕ ಅನಿಲ ಬೆರೆಸಬೇಕೆಂಬ ಕಡ್ಡಾಯವೂ ಇದೆ. ಕೊಳ್ಳುವವರು ಇದ್ದಾರೆ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿ ಇದೇ ಊರಿನಲ್ಲಿದೆ. ಬಸ್ಸೊಂದು ದಿನಕ್ಕೆ 60 ಕಿಲೋ ಅನಿಲ ಬಳಸುತ್ತದೆ ಎಂದರೆ 3,000 ಕಿಲೋದಲ್ಲಿ 50 ಬಸ್ಸುಗಳು ಓಡುತ್ತವೆ.

ದ್ರವೀಕರಣಕ್ಕೆ ಅರ್ಹವಾದ ಪ್ರಮಾಣ ನಮ್ಮ ಭಾಗದಲ್ಲಿ ಬೇರೊಂದು ಕಡೆ ಬಿದ್ದಿದೆ. ಆಳಂದ, ಅಫಜಲಪುರ, ಭಾಲ್ಕಿ, ಹುಮನಾಬಾದ್ ಸುತ್ತಲಿನ ಕಬ್ಬಿನ ಪಟ್ಟಿಯಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಪ್ರೆಸ್ ಮಡ್, ಅರೆದ ಕಬ್ಬಿನ ಮೂರು–ನಾಲ್ಕು ಶೇಕಡಾ. ದಿನಕ್ಕೆ 5,000 ಟನ್ ಅರೆಯುವ ಕಾರ್ಖಾನೆಯೊಂದರಿಂದ 150ರಿಂದ 200 ಟನ್. ಸುಮಾರು 25 ಟನ್ನಿಗೆ ಒಂದು ಟನ್ ಅನಿಲದಂತೆ ದಿನಕ್ಕೆ ಆರರಿಂದ ಎಂಟು ಟನ್ ಶುದ್ಧ ಮಿಥೇನ್. ಕಸದ ಗುಡ್ಡದ ಏಳೆಂಟು ಪಟ್ಟು. ಗಾಜಿಲ್ಲ, ಶಾಂಪೂ ಡಬ್ಬಿ ಇಲ್ಲ, ಗಾಳಿಯ ನೈಟ್ರೋಜನ್ ಇಲ್ಲ. ಕಾರ್ಖಾನೆಯಲ್ಲೇ ಬಗಾಸಿನಿಂದ (ರಸ ಹಿಂಡಿದ ಕಬ್ಬಿನ ಸಿಪ್ಪೆಯಿಂದ) ವಿದ್ಯುತ್ ಇದೆ, ಬಾಯ್ಲರ್ ನೋಡಿಕೊಳ್ಳುವ ನುರಿತ ಕೈಗಳಿವೆ. ಹುಮನಾಬಾದ್‌ನ ಹೆದ್ದಾರಿ ಪಕ್ಕದಲ್ಲೇ ಹಾದುಹೋಗುತ್ತದೆ. ಕಬ್ಬು ಅರೆಯುವ ಹಂಗಾಮು ನಾಲ್ಕೈದು ತಿಂಗಳಿನದ್ದು, ಕೂಡಿಟ್ಟ ಪ್ರೆಸ್ ಮಡ್ ದಿನ ಕಳೆದಂತೆ ತನ್ನ ಅನಿಲ ಕಳೆದುಕೊಳ್ಳುತ್ತದೆ ಎಂಬ ತೊಡಕು ನಿಜ. ಮುಚ್ಚಿಟ್ಟು ಕೂಡಿಡುವ ವ್ಯವಸ್ಥೆ, ಹಂಗಾಮಿನ ಆಚೆಗೆ ಸಗಣಿ ಮತ್ತು ಮಾರುಕಟ್ಟೆಯ ಹಸಿ ಕಸ ಬೆರೆಸಿ ಓಡಿಸುವ ಯೋಜನೆ ಬೇಕು. ತೊಗರಿ ಕಟ್ಟಿಗೆಯನ್ನೂ ಇದಕ್ಕೆ ಬಳಸಬಹುದಲ್ಲ ಎಂದು ಕೇಳುವವರಿದ್ದಾರೆ. ಅದು ಲಿಗ್ನಿನ್ ಹೆಚ್ಚಿರುವ ಮರದಂಥ ವಸ್ತು, ಡೈಜೆಸ್ಟರಿನಲ್ಲಿ ಕರಗುವುದಿಲ್ಲ, ಉರುವಲಾಗಿ ಒತ್ತಿದ ಬ್ರಿಕೆಟ್‌ಗೇ ಸರಿ.

ಹಳೆಯ ಗುಡ್ಡದ ಪಾಡು

ಬಯೋಮೈನಿಂಗ್ ಮುಗಿಯುವವರೆಗೆ ಹಳೆಯ ಗುಡ್ಡ ಮಿಥೇನ್ ಬಿಡುತ್ತಲೇ ಇರುತ್ತದೆ. ಅದಕ್ಕೆ ಅಗ್ಗದ ಉಪಾಯ ಸುಡುವುದು. ಒಂದು ಕಿಲೋ ಮಿಥೇನ್ ಉರಿದರೆ 2.75 ಕಿಲೋ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಉರಿಸದೆ ಬಿಟ್ಟರೆ 28 ಕಿಲೋಗೆ ಸಮನಾದ ಹಾನಿ. ಅಂದರೆ ಬರೀ ಸುಡುವುದರಿಂದಲೇ ಹವಾಮಾನದ ಲಾಭದ ಹತ್ತನೇ ಒಂಬತ್ತು ಪಾಲು ಕೈಸೇರುತ್ತದೆ. ಮುಂಬೈಯ ಗೊರಾಯಿಯಲ್ಲಿ ಹಳೆಯ ಕಸದ ತಾಣವನ್ನು ಮುಚ್ಚಿದಾಗ ಮಾಡಿದ್ದು ಇದನ್ನೇ: ಹೊದಿಸಿ, ಬಾವಿ ಕೊರೆದು, ಅನಿಲ ಸುಟ್ಟು, ಕ್ಯೋಟೊ ಒಪ್ಪಂದದ ಅಡಿಯಲ್ಲಿ ಕಾರ್ಬನ್ ಕ್ರೆಡಿಟ್‌ಗೆ ದಾರಿ ಮಾಡಿಕೊಂಡರು. ಇಲ್ಲಿ ಕೆಲವು ವರ್ಷಗಳ ಮಟ್ಟಿಗೆ, ಗುಡ್ಡದ ಇನ್ನೂ ಅಗೆಯದ ಭಾಗಕ್ಕೆ, ಸ್ಥಳಾಂತರಿಸಬಹುದಾದ ಸಣ್ಣ ಬ್ಲೋವರ್ ಮತ್ತು ಮುಚ್ಚಿದ ಜ್ವಾಲಾಗೋಪುರ ಸಾಕು. ಬೇಸಿಗೆಯ ಬೆಂಕಿಗೂ ಅಲ್ಲಿ ದುಡಿಯುವ, ಚಿಂದಿ ಆಯುವ ಜನರ ಎದೆಗೆ ಇಳಿಯುವ ಹೊಗೆಗೂ ಅದರಿಂದ ತಡೆ ಬೀಳುತ್ತದೆ. ಗಾಳಿಯಲ್ಲಿ ಮಿಥೇನ್ 5ರಿಂದ 15 ಶೇಕಡಾ ಇದ್ದಾಗ ಕಿಡಿ ತಾಗಿದರೆ ಸಿಡಿಯುತ್ತದೆ. ಗುಡ್ಡದ ಬುಡದಲ್ಲಿ ಶೆಡ್ಡು ಹಾಕಿಕೊಂಡವರ ಸುರಕ್ಷತೆಗಾಗಿಯಾದರೂ ಅನಿಲದ ಅಳತೆ ಈಗಲೇ ಶುರುವಾಗಬೇಕು.

ದ್ರವ ಇಂಧನದ ಪ್ರಸ್ತಾವ ಹಿಡಿದು ಯಾವುದೇ ಕಂಪನಿ ಪಾಲಿಕೆಯ ಮುಂದೆ ಬಂದರೆ, ಒಪ್ಪಂದಕ್ಕೆ ಮುನ್ನ ಕಡ್ಡಾಯವಾಗಿ ಕೇಳಬೇಕಾದ್ದು ಪರೀಕ್ಷಾ ಬಾವಿಗಳ ಅಂಕಿಅಂಶ. ಮಳೆಗಾಲವೂ ಬೇಸಿಗೆಯೂ ಸೇರಿದ ಇಡೀ ಒಂದು ವರ್ಷ ಅನಿಲದ ಹರಿವು, ಮಿಥೇನ್, ಆಮ್ಲಜನಕ, ನೈಟ್ರೋಜನ್‌ಗಳನ್ನು ಅಳೆದು, ಆ ಅಳತೆಯನ್ನು ಸಾರ್ವಜನಿಕರ ಮುಂದೆ ಇಡಬೇಕು. ಅನಿಲ ಕಡಿಮೆ ಬಂದರೆ ನಷ್ಟ ಕಂಪನಿಯದ್ದೇ ಹೊರತು ಪಾಲಿಕೆಯದ್ದಲ್ಲ ಎಂದು ಬರೆಸಿಕೊಳ್ಳಬೇಕು. ಇಷ್ಟು ಟನ್ ಕಸ ದಿನವೂ ಗುಡ್ಡಕ್ಕೆ ಸುರಿಯುತ್ತೇವೆಂಬ ಭರವಸೆಯ ಷರತ್ತು ಒಪ್ಪಂದದಲ್ಲಿದ್ದರೆ ಆ ಕಡತವನ್ನು ಅಲ್ಲಿಗೇ ಮುಚ್ಚಬೇಕು.